ಅಂಗನವಾಡಿಯ ಬಸುರಿ ಊಟ: ಐದು ತಿಂಗಳು ಉಂಡ ಮೇಲಿನ ಮಾತು

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿಯಲ್ಲಿ, ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೆ ಬಡಿಸುವ ಮಧ್ಯಾಹ್ನದ ಊಟವನ್ನು ನಾನು ನಾಲ್ಕನೇ ತಿಂಗಳ ಕೊನೆಯಿಂದ ಹೆರಿಗೆಯ ಹಿಂದಿನ ವಾರದವರೆಗೆ ಉಂಡಿದ್ದೇನೆ. ಹೋಟೆಲ್ ಊಟದ ಬಗ್ಗೆ, ಕುಕ್ಕರ್ ಮಿಕ್ಸಿಗಳ ಬಗ್ಗೆ ಎಷ್ಟೊಂದು ಅಭಿಪ್ರಾಯಗಳನ್ನು ಓದುತ್ತೇವೆ. ರಾಜ್ಯದ ಉದ್ದಗಲಕ್ಕೂ ಬಸುರಿ ಬಾಣಂತಿಯರು ದಿನವೂ ಉಣ್ಣುವ ಈ ಊಟದ ಬಗ್ಗೆ ಉಂಡವರೇ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಊಟ ಒಳ್ಳೆಯದು, ಹೋಗಿ ಉಣ್ಣಿ. ಆದರೆ ನಮ್ಮಲ್ಲಿ ಬಹುತೇಕ ಹೆಂಗಸರು ಆ ಬಾಗಿಲಿಗೆ ತಲುಪುವ ಹೊತ್ತಿಗೆ, ಹೊಟ್ಟೆಯೊಳಗಿನ ಒಂದು ದೊಡ್ಡ ಕೆಲಸ ಮುಗಿದೇ ಹೋಗಿರುತ್ತದೆ.

ನಾನೂ ತಡವಾಗಿಯೇ ಹೋದವಳು. "ನಮ್ಮನೆ ಸೊಸೆ ಅಂಗನವಾಡೀಲಿ ತಟ್ಟೆ ಮುಂದೆ ಕೂರೋದಾ? ಮನೇಲಿ ಏನು ಕಮ್ಮಿಯಾಗಿದೆ?" ಎಂದು ಅತ್ತೆ ಬೇಸರಪಟ್ಟುಕೊಂಡಿದ್ದರು. ಮನೆಯಲ್ಲಿ ನಿಜವಾಗಿಯೂ ಕಮ್ಮಿಯೇನಿರಲಿಲ್ಲ. ಎರಡು ಹಸು, ಮನೆ ಹಿಂದೆ ನುಗ್ಗೆ ಮರ, ಅಟ್ಟದ ಮೇಲೆ ರಾಗಿ, ಎಲ್ಲವೂ ಇದ್ದವು. ಆದರೂ ನಾಲ್ಕನೇ ತಿಂಗಳ ರಕ್ತಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 9.8 ಬಂತು. ಗರ್ಭಿಣಿಗೆ ಅದು 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಸಿಸ್ಟರ್ ಅದನ್ನು ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಸುತ್ತ ಒಂದು ಗೆರೆ ಎಳೆದರು. ಮಾರನೆಯ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಅತ್ತೆಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮನೇಲಿ ಇಲ್ಲ ಅಂತಲ್ಲಮ್ಮ. ಎಲ್ಲರಿಗೂ ಬಡಿಸಿ ಆದಮೇಲೆ ಇವಳ ತಟ್ಟೇಲಿ ಏನು ಉಳೀತದೆ ಅಂತ ನೋಡೋರು ಯಾರು?" ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆ ತಾವಾಗಿಯೇ "ನಾಳೆಯಿಂದ ಹೋಗಮ್ಮ" ಎಂದರು.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಈ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ತಿಂಗಳಲ್ಲಿ 25 ದಿನ ಬಿಸಿಯೂಟ ಉಚಿತ. ನಮ್ಮಲ್ಲಿ ಹನ್ನೆರಡೂವರೆಗೆ ಬಡಿಸಲು ಆರಂಭಿಸುತ್ತಾರೆ. ಅನ್ನ, ತರಕಾರಿಯೋ ಸೊಪ್ಪೋ ಹಾಕಿದ ಬೇಳೆ ಸಾರು, ಬೇಯಿಸಿದ ಒಂದು ಮೊಟ್ಟೆ, 200 ಮಿಲಿ ಲೀಟರ್ ಹಾಲು, ಕಡಲೆಕಾಯಿ ಬೀಜ ಮತ್ತು ಬೆಲ್ಲದ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಬರಿಸಿದ ಹೆಸರುಕಾಳು. ಊಟವಾದ ಮೇಲೆ ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ಟೀಚರ್ ಎದುರೇ ನುಂಗಬೇಕು. ರುಚಿಯ ವಿಷಯಕ್ಕೆ ಬಂದರೆ, ಉಪ್ಪು ಖಾರ ಮನೆಗಿಂತ ಕಡಿಮೆ, ಕೆಲವು ದಿನ ಸಾರು ತೆಳು. ಆದರೆ ಅಕ್ಕಪಕ್ಕದ ತೋಟದಿಂದ ದಂಟಿನ ಸೊಪ್ಪೋ ಚಕ್ಕೋತ ಸೊಪ್ಪೋ ಬಂದ ದಿನ ಆಯಮ್ಮ ಮಾಡುತ್ತಿದ್ದ ಮಸ್ಸೊಪ್ಪಿಗೆ ನಾನು ಎರಡನೇ ಸಲ ಕೈ ಒಡ್ಡುತ್ತಿದ್ದೆ. ಆ ಆಯಮ್ಮನ ಕೆಲಸವನ್ನು ಹತ್ತಿರದಿಂದ ನೋಡುವುದೇ ಒಂದು ಸಂತೋಷ. ಬೇಯಿಸುವ ಮುಂಚೆ ಪ್ರತಿಯೊಂದು ಮೊಟ್ಟೆಯನ್ನೂ ನೀರಿನ ಪಾತ್ರೆಗೆ ಬಿಡುತ್ತಾರೆ. ತಳದಲ್ಲಿ ಅಡ್ಡ ಮಲಗಿದರೆ ಒಲೆಗೆ, ತೇಲಿದರೆ ತಿಪ್ಪೆಗೆ. ಒಂದು ವಾರ ಸರಬರಾಜುದಾರರೊಬ್ಬರು ಕಳುಹಿಸಿದ ತಟ್ಟೆಗಳಲ್ಲಿ ಹನ್ನೊಂದು ಮೊಟ್ಟೆ ಹೀಗೆ ತೇಲಿದವು. ಆಯಮ್ಮ ಅವನ್ನು ಎತ್ತಿಟ್ಟು, ಬಾಲವಿಕಾಸ ಸಮಿತಿಯವರನ್ನು ಕರೆಸಿ ತೋರಿಸಿದರು. ಮುಂದಿನ ವಾರದಿಂದ ಹಾಗಾಗಲಿಲ್ಲ.

ಈ ತಟ್ಟೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಅನ್ನವಲ್ಲ, ಮೊಟ್ಟೆ ಮತ್ತು ಹಾಲು. "ಎರಡು ಜೀವ, ಇಬ್ಬರ ಊಟ ಉಣ್ಣಬೇಕು" ಎಂದು ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕಿಲೋ ಕ್ಯಾಲೊರಿ, ಅಂದರೆ ಒಂದು ಮಧ್ಯಮ ಗಾತ್ರದ ಮುದ್ದೆಯಷ್ಟರ ಆಸುಪಾಸು. ಅನ್ನ ಮುದ್ದೆಗಳಿಂದ ಅದನ್ನು ತುಂಬಿಸುವುದು ನಮ್ಮ ಸೀಮೆಯಲ್ಲಿ ಕಷ್ಟವಲ್ಲ. ಕಷ್ಟ ಇರುವುದು ಪ್ರೋಟೀನಿನಲ್ಲಿ: ನಾಲ್ಕರಿಂದ ಆರನೇ ತಿಂಗಳವರೆಗೆ ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚಿಗೆ ಬೇಕು. ಮಗು ಏಳನೇ ತಿಂಗಳ ಹೊತ್ತಿಗೆ ಸುಮಾರು ಒಂದು ಕಿಲೋ ತೂಗುತ್ತದೆ, ಉಳಿದ ಎರಡು ಕಿಲೋ ಬರುವುದು ಆಮೇಲೆಯೇ; ಮಾಂಸಖಂಡ ಬೆಳೆಯುವುದು, ಮಿದುಳು ವೇಗವಾಗಿ ಹಿಗ್ಗುವುದು, ಹುಟ್ಟಿದ ಮೇಲಿನ ಮೊದಲ ತಿಂಗಳುಗಳಿಗೆಂದು ಕಬ್ಬಿಣಾಂಶವನ್ನು ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಳ್ಳುವುದು, ಎಲ್ಲವೂ ಆ ಕೊನೆಯ ದಿನಗಳ ಕೆಲಸ. ಎದೆಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಆದ್ದರಿಂದ ಈ ಗಂಟು ಒಳಗಿರುವಾಗಲೇ ಕಟ್ಟಿಕೊಳ್ಳಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಆ ಲೋಟ ಹಾಲಿನಲ್ಲಿ ಸುಮಾರು ಅಷ್ಟೇ. ಅಂದರೆ ಕೊನೆಯ ಮೂರು ತಿಂಗಳ ಹೆಚ್ಚುವರಿ ಬೇಡಿಕೆಯಲ್ಲೂ ಅರ್ಧಕ್ಕಿಂತ ಮೇಲ್ಪಟ್ಟು ಇವೆರಡರಿಂದಲೇ ಬರುತ್ತದೆ. ಬಿ12 ಜೀವಸತ್ವವೂ ಸಹಜವಾಗಿ ಸಿಗುವುದು ಹಾಲು, ಮೊಟ್ಟೆ, ಮಾಂಸ, ಮೀನುಗಳಲ್ಲಿ ಮಾತ್ರ, ಸೊಪ್ಪು ಕಾಳುಗಳಲ್ಲಿ ಇಲ್ಲ. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಿಂದ ನಡೆಸಿದ ಅಧ್ಯಯನದಲ್ಲಿ, ಫೋಲೇಟ್ (ಮಾತ್ರೆಯಲ್ಲಿ ಫೋಲಿಕ್ ಆಮ್ಲವಾಗಿ ಕೊಡುವ ಜೀವಸತ್ವ) ಸಾಕಷ್ಟಿದ್ದು ಬಿ12 ಕೊರತೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಲಕ್ಷಣ ಹೆಚ್ಚಾಗಿ ಕಂಡಿತ್ತು. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಆ ಕೆಂಪು ಮಾತ್ರೆಯೊಂದನ್ನೇ ನಂಬಿಕೊಂಡರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಊಟವನ್ನು ಅಲ್ಲೇ ಕೂತು ಉಣ್ಣಬೇಕೆಂಬ ನಿಯಮವನ್ನು ಹಲವರು ದೂರುತ್ತಾರೆ. ನನಗೂ ಮೊದಮೊದಲು ಮುಜುಗರವಾಗಿತ್ತು. ಅದರ ಅರ್ಥ ತಿಳಿದದ್ದು ಒಂದು ದಿನ ನನ್ನ ಪಕ್ಕ ಕೂತಿದ್ದ ಹೆಂಗಸು, ಎರಡನೇ ಬಸುರಿ, ಸುಲಿಯದ ಮೊಟ್ಟೆಯನ್ನು ಮೆಲ್ಲಗೆ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಾಗ. ದೊಡ್ಡ ಮಗನಿಗೆ ಮೂರು ವರ್ಷ, ಅವನಿಗೆಂದು. ಟೀಚರ್ ನೋಡಿದರು; ಗದರಲಿಲ್ಲ. ಪಕ್ಕದಲ್ಲಿ ಕೂತು, ಗಂಟು ಬಿಚ್ಚಿ, ತಾವೇ ಮೊಟ್ಟೆ ಸುಲಿದು ತಟ್ಟೆಗಿಟ್ಟರು. "ಅವನಿಗೂ ಇಲ್ಲೇ ಊಟ ಇದೆ ಕಣಮ್ಮ, ಅವನ ಪಾಲು ಅವನಿಗೆ ಸಿಕ್ತದೆ. ಇದು ಒಳಗಿರೋ ಕೂಸಿಂದು" ಎಂದರು. ಆಕೆ ತಲೆ ಬಗ್ಗಿಸಿಕೊಂಡೇ ತಿಂದಳು. ನಮ್ಮ ಮನೆಗಳಲ್ಲಿ ಮೊಟ್ಟೆ ಗಂಡಸರ ತಟ್ಟೆಗೋ ಮಕ್ಕಳ ಕೈಗೋ ಹೋಗುವುದು ರೂಢಿ. ಪೊಟ್ಟಣ ಕಟ್ಟಿ ಮನೆಗೆ ಕಳಿಸಿದರೆ ಐದು ಪಾಲಾಗುತ್ತದೆ, ಹೆತ್ತವಳ ಪಾಲಿಗೆ ಕೊನೆಯದು. ಈ ಸೇವೆಯ ನಿಜವಾದ ಬಲ ಆ ಚಾಪೆಯ ಮೇಲೆ ಕೂರಿಸುವುದರಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಹೀಗೆ ಹೊಟ್ಟೆಯಲ್ಲಿದ್ದಾಗ ಸಿಗದೆ ಹೋದದ್ದರ ಲೆಕ್ಕ ಎಷ್ಟು ದೂರ ಬರುತ್ತದೆ ಎನ್ನುವುದಕ್ಕೆ ನಮ್ಮ ಮೈಸೂರಿನಲ್ಲೇ ಸಾಕ್ಷಿಯಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಶಿಶುಗಳ ತೂಕವನ್ನು ಶಿಸ್ತಾಗಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ, 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ 3. ಕಡಿಮೆ ತೂಕದ ಆ ಮಕ್ಕಳ ಪೈಕಿ ತಾಯಿಯೂ ಬಡಕಲಾಗಿದ್ದವರಲ್ಲಿ ಅದು ನೂರಕ್ಕೆ 20ರವರೆಗೆ ಏರಿತ್ತು. "ಮಗು ದಪ್ಪಗಾದರೆ ಹೆರಿಗೆ ಕಷ್ಟ, ಕೊನೆ ತಿಂಗಳಲ್ಲಿ ಊಟ ಕಮ್ಮಿ ಮಾಡು" ಎಂದು ಊರಿನ ಅಜ್ಜಿಯರು ಹೇಳಿದಾಗಲೆಲ್ಲ ನನಗೆ ಈ ಅಂಕಿಗಳೇ ನೆನಪಾಗುತ್ತಿದ್ದವು. ಮಗು ತೀರ ದೊಡ್ಡದಾಗುವುದಕ್ಕೆ ಸಕ್ಕರೆ ಕಾಯಿಲೆ ಒಂದು ಮುಖ್ಯ ಕಾರಣ, ಅದಕ್ಕೆ ಬೇರೆ ಪರೀಕ್ಷೆಯಿದೆ. ಒಂದು ಮೊಟ್ಟೆ, ಒಂದು ಲೋಟ ಹಾಲು ಅದಕ್ಕೆ ಕಾರಣವಲ್ಲ.

ಈಗ ಕೊರತೆಗಳ ಮಾತು. ನಾನು ಸೇರಿದಾಗ ಊಟ, ಹಾಲು, ಕೆಂಪು ಮಾತ್ರೆ ಮೂರೂ ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದವು. ಕೆಲವರು ಮಾತ್ರೆಯನ್ನು ಹಾಲಿನಲ್ಲೇ ನುಂಗುತ್ತಿದ್ದರು. ಹಾಲಿನ ಕ್ಯಾಲ್ಸಿಯಂ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳಲು ಅಡ್ಡಬರುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದೆಂದು ಆಸ್ಪತ್ರೆಯಲ್ಲಿ ಹೇಳುವುದೂ ಇದೇ ಕಾರಣಕ್ಕೆ. ಟೀ ಕಾಫಿಯೂ ಅಷ್ಟೇ, ಮಾತ್ರೆಯ ಹಿಂದೆಮುಂದೆ ಕುಡಿದರೆ ಅದರ ಪ್ರಯೋಜನ ಇಳಿಯುತ್ತದೆ. ನಿಂಬೆ, ನೆಲ್ಲಿ, ಸೀಬೆಯಲ್ಲಿರುವ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ನಾನು ಇದನ್ನು ಟೀಚರ್ ಹತ್ತಿರ ಹೇಳಿದಾಗ ಅವರು ತಪ್ಪು ತಿಳಿಯಲಿಲ್ಲ. ಸಿಸ್ಟರನ್ನು ಕೇಳಿಕೊಂಡು, ಹಾಲನ್ನು ಹನ್ನೊಂದು ಗಂಟೆಗೆ, ಬಂದ ತಕ್ಷಣ ಕೊಡುವ ಹಾಗೆ ಬದಲಾಯಿಸಿದರು. ಸಾರಿನ ಮೇಲೆ ನಿಂಬೆಹಣ್ಣು ಹಿಂಡುವ ರೂಢಿಯನ್ನು ನಾವೇ ಹಾಕಿಕೊಂಡೆವು, ಒಬ್ಬೊಬ್ಬರು ಒಂದೊಂದು ದಿನ ಮನೆಯಿಂದ ಹಣ್ಣು ತಂದು. ಮಾತ್ರೆ ನುಂಗಿದ ಮೇಲೆ ಮಲ ಕಪ್ಪಗಾಗುವುದನ್ನು ಕಂಡು ಹೆದರಿ ಬಿಟ್ಟವರಿಬ್ಬರಿದ್ದರು. ಅದು ಸಹಜ ಎಂಬ ಒಂದು ಮಾತನ್ನು ಮೊದಲ ದಿನವೇ ಹೇಳಿಬಿಟ್ಟರೆ ಎಷ್ಟೋ ಮಾತ್ರೆಗಳು ಕಸದ ಪಾಲಾಗುವುದು ತಪ್ಪುತ್ತದೆ. ದಿನಕ್ಕೊಂದರಂತೆ 180 ಮಾತ್ರೆ ನುಂಗಬೇಕು, ಹೆರಿಗೆಯ ನಂತರವೂ ಅಷ್ಟೇ.

ರಾಗಿ ಬೆಳೆಯುವ ನಾಡಿನಲ್ಲಿ ಐದು ತಿಂಗಳೂ ಅನ್ನವನ್ನೇ ಉಂಡದ್ದು ನನಗೆ ನೋವಿನ ಸಂಗತಿ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿ ಗ್ರಾಂ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಹೆಸರಿಗೆ ಮಾತ್ರ. ಮಗುವಿನ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಹೊರಗಿನಿಂದ ಬಾರದಿದ್ದರೆ ತಾಯಿಯ ಮೂಳೆಯಿಂದ ಹೋಗುತ್ತದೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಹಿಟ್ಟಾದರೆ ಇನ್ನೂ ಒಳ್ಳೆಯದು, ಏಕೆಂದರೆ ಮೊಳಕೆಯೊಡೆಯುವಾಗ ಖನಿಜಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ವಾರಕ್ಕೆರಡು ದಿನವಾದರೂ ಮುದ್ದೆ ಸೊಪ್ಪಿನ ಸಾರು ಇಲ್ಲವೇ ರಾಗಿ ಗಂಜಿ ಕೊಡಬಾರದೇಕೆ ಎಂದು ನಾನು ಕೇಳಿದ್ದೇನೆ, ಕೇಳುತ್ತಲೇ ಇರುತ್ತೇನೆ.

ಕೂಲಿಗೆ ಹೋಗುವವರಿಗೆ ಈ ಊಟ ದಕ್ಕುವುದಿಲ್ಲ ಎನ್ನುವುದು ಇನ್ನೂ ಗಂಭೀರ. ಟೊಮೆಟೊ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಹೊಲಕ್ಕೆ ಹೋದ ಹೆಂಗಸು ಹನ್ನೆರಡೂವರೆಗೆ ಒಂದೂವರೆ ಕಿಲೋಮೀಟರ್ ನಡೆದು ಬಂದು ಉಂಡು ಹೋದರೆ ಅರ್ಧ ದಿನದ ಕೂಲಿ ಖೋತಾ. ಹೆಸರು ಬರೆಸಿದ ಹದಿನಾಲ್ಕು ಮಂದಿಯಲ್ಲಿ ನಾಲ್ವರು ಹೀಗೆ ವಾರಕ್ಕೆ ಎರಡೇ ದಿನ ಬರುತ್ತಿದ್ದರು, ಮತ್ತು ಈ ಊಟ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದವರು ಅವರೇ.

ತಡವಾಗುತ್ತದೆ ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಬರುತ್ತೇನೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ನರನಾಳ ಗರ್ಭ ಕಟ್ಟಿದ ಸುಮಾರು 28ನೇ ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ, ಎಷ್ಟೋ ಹೆಂಗಸರಿಗೆ ತಾನು ಬಸುರಿ ಎಂಬ ಗುಮಾನಿಯೂ ಬಂದಿರುವುದಿಲ್ಲ. ಆಗ ಫೋಲಿಕ್ ಆಮ್ಲ ಸಾಲದಿದ್ದರೆ ನಾಳ ಪೂರ್ತಿ ಮುಚ್ಚದೆ, ಬೆನ್ನುಹುರಿಯ ದೋಷದೊಂದಿಗೆ ಮಗು ಹುಟ್ಟುವ ಅಪಾಯ ಹೆಚ್ಚುತ್ತದೆ. ಏಳು ದೇಶಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭ ಧರಿಸುವ ಮುನ್ನವೇ ಹೆಚ್ಚು ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟಾಗ ದೋಷ ಮರುಕಳಿಸುವುದು ಶೇ. 72ರಷ್ಟು ಇಳಿಯಿತು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಆದರೆ ಮಗು ಬೇಕೆಂದುಕೊಂಡಾಗಲೇ ಆರಂಭಿಸಬೇಕು. ಅಯೋಡಿನ್ ವಿಷಯವೂ ಹೀಗೆಯೇ. ಸುಮಾರು ಹನ್ನೆರಡನೇ ವಾರದವರೆಗೆ ಮಗುವಿನ ಥೈರಾಯ್ಡ್ ಕೆಲಸ ಮಾಡದೆ, ಅದರ ಮಿದುಳು ಅಯೋಡಿನ್‌ನಿಂದ ತಯಾರಾಗುವ ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ವಿಷಯವನ್ನು ಯಾರಿಗೂ ಹೇಳಬಾರದೆನ್ನುವ ಪದ್ಧತಿಯಿದೆ, ದೃಷ್ಟಿಯಾಗುತ್ತದೆ ಎಂಬ ಭಯದಿಂದ. ನಾನೂ ಹೇಳಿರಲಿಲ್ಲ. ಊರಿಗೆಲ್ಲ ಹೇಳದಿದ್ದರೆ ಬೇಡ, ಆದರೆ ಆಶಾ ಕಾರ್ಯಕರ್ತೆಗೆ ಆ ವಾರವೇ ಹೇಳಬೇಕಿತ್ತು.

ಎಂಟನೇ ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 11.2ಕ್ಕೆ ಬಂದಿತ್ತು, ಮಗಳು ಹುಟ್ಟಿದಾಗ 2 ಕಿಲೋ 850 ಗ್ರಾಂ ಇದ್ದಳು. ಅದಕ್ಕೆಲ್ಲ ಅಂಗನವಾಡಿಯ ಊಟವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಮನೆಯ ಮುದ್ದೆ ಸೊಪ್ಪೂ ಜೊತೆಗಿತ್ತು. ಈಗ ಬಾಣಂತಿಯಾಗಿ ಮತ್ತೆ ಅದೇ ಚಾಪೆಯ ಮೇಲೆ ಕೂರುತ್ತಿದ್ದೇನೆ. ಹೋದ ಸೋಮವಾರ ಅತ್ತೆಯವರೇ ಪಕ್ಕದ ಮನೆಯ ಹೊಸ ಸೊಸೆಯನ್ನು ಕರೆದುಕೊಂಡು ಬಂದು ಟೀಚರ್ ಮುಂದೆ ನಿಲ್ಲಿಸಿ, "ಇವಳ ಹೆಸರು ಬರ್ಕೊಳಮ್ಮ, ಮುಟ್ಟು ತಪ್ಪಿ ಇವತ್ತಿಗೆ ಐದು ದಿನ" ಎಂದರು.