ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್ ಸಲಹಾ ಸೇವೆ: ಪುಕ್ಕಟೆ ಹೌದು, ಪೂರ್ತಿ ಸಾಲದು

ವಿಚ್ಛೇದನದ ಹೊತ್ತಿಗೆ ಮನೆ ಮಾರಿ ದುಡ್ಡು ಹಂಚಿಕೊಂಡಾಗಿದೆ. ಆಮೇಲೊಂದು ದಿನ, "ಚಾವಣಿ ಸೋರುತ್ತಿದೆ, ಗೊತ್ತಿದ್ದೂ ಮುಚ್ಚಿಟ್ಟಿರಿ" ಎಂದು ಕೊಂಡವರು ಮಾಜಿ ದಂಪತಿ ಇಬ್ಬರ ಮೇಲೂ ಎಸ್‌ಸಿ-100 (ದಾವೆ ಹೂಡುವ ಫಾರಂ) ಹಾಕುತ್ತಾರೆ. ಸ್ಮಾಲ್ ಕ್ಲೇಮ್ಸ್ ಎಂಬ ಈ ಸಣ್ಣ ಮೊತ್ತದ ದಾವೆಗಳ ಕೋರ್ಟಿನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ವಿಚಾರಣೆಗೆ ವಕೀಲರು ಬರುವಂತಿಲ್ಲ, ವಾದ ನಿಮ್ಮದೇ. ಅದಕ್ಕಾಗಿಯೇ ಪ್ರತಿ ಕೌಂಟಿಯಲ್ಲೂ ಪುಕ್ಕಟೆ ಸಲಹೆಗಾರರು ಇರಬೇಕೆಂದು ಕಾನೂನು ಹೇಳುತ್ತದೆ.

ನಿಯಮ, ಫಾರಂ, ಗಡುವಿನ ವಿಷಯದಲ್ಲಿ ಈ ಸೇವೆಗೆ ಪೂರ್ತಿ ಅಂಕ ಕೊಡಬಹುದು. ಪ್ರತಿವಾದಿ ಲಿಖಿತ ಉತ್ತರ ಸಲ್ಲಿಸಬೇಕಿಲ್ಲ, ಗೊತ್ತುಪಡಿಸಿದ ದಿನ ಹಾಜರಾದರೆ ಸಾಕು. ಸಮನ್ಸ್ ನೇರವಾಗಿ ಕೈಗೆ ತಲುಪಿದ್ದರೆ ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ ತಲುಪಿರಬೇಕು, ನೀವು ಬೇರೆ ಕೌಂಟಿಯವರಾದರೆ 20 ದಿನ. ದಿನಾಂಕ ಮುಂದೂಡಲು ಎಸ್‌ಸಿ-150ನ್ನು 10 ದಿನ ಮುಂಚೆಯೇ ಹಾಕಬೇಕು. ಹೋಗದೇ ಕೂತರೆ ವಾದಿಯ ಮಾತಷ್ಟನ್ನೇ ಕೇಳಿ ತೀರ್ಪು ಬರುತ್ತದೆ. ಅದನ್ನು ತೆಗೆಸಲು ಎಸ್‌ಸಿ-135, ಅದೂ ತೀರ್ಪಿನ ನೋಟಿಸು ಅಂಚೆಗೆ ಬಿದ್ದ 30 ದಿನದೊಳಗೆ. ಇಷ್ಟನ್ನು ಫೋನಿನಲ್ಲೇ ಬಿಡಿಸಿ ಹೇಳುತ್ತಾರೆ. ಸಲಹೆಗಾರರು ವಕೀಲರೇ ಆಗಿರಬೇಕೆಂದಿಲ್ಲ, ಕಾನೂನು ವಿದ್ಯಾರ್ಥಿಯೂ ಇರಬಹುದು. ಹಾಗಾಗಿ ಪ್ರಶ್ನೆ ಬರೆದಿಟ್ಟುಕೊಂಡೇ ಕರೆ ಮಾಡಿ.

ಸೇವೆ ಸೊರಗುವುದು ಮನೆಯ ದೋಷ ಮತ್ತು ವಿಚ್ಛೇದನ ಒಂದಕ್ಕೊಂದು ತೊಡರಿಕೊಂಡಾಗ. ಇಲ್ಲಿ ಇಡೀ ಕೇಸು ನಿಲ್ಲುವುದು ಮಾರುವಾಗ ಸಹಿ ಹಾಕಿದ ಟ್ರಾನ್ಸ್‌ಫರ್ ಡಿಸ್‌ಕ್ಲೋಷರ್ ಸ್ಟೇಟ್‌ಮೆಂಟ್ (ಮನೆಯ ದೋಷಗಳ ಬಗ್ಗೆ ಮಾರುವವರು ತುಂಬಿಕೊಡುವ ಪತ್ರ) ಮೇಲೆ. ಅದನ್ನು ಒಮ್ಮೆ ಬಿಡಿಸಿ ನೋಡಿ. ಗೋಡೆ, ಚಾವಣಿ, ನೆಲ, ಅಡಿಪಾಯಗಳ ಸಾಲು ಸಾಲು ಚೌಕ. ಪರ್ಮಿಟ್ ಇಲ್ಲದೆ ಕಟ್ಟಿದ ಕೋಣೆ, ನೀರು ನಿಲ್ಲುವ ಜಾಗ ಇವಕ್ಕೆ ಬೇರೆ ಪ್ರಶ್ನೆ. ಕೇಳಿರುವುದು ದೋಷ "ಇದೆಯೇ" ಎಂದಲ್ಲ, "ನಿಮಗೆ ಗೊತ್ತಿದೆಯೇ" ಎಂದು. ಪ್ರತಿವಾದಿಯ ಬಲ ಇರುವುದು ಅಲ್ಲೇ. ಮೊದಲೇ ಮನೆ ಬಿಟ್ಟುಹೋಗಿದ್ದವರು ಬಾಡಿಗೆ ಕರಾರು, ವಿಳಾಸ ಬದಲಾದ ದಾಖಲೆ ತೋರಿಸಿದರೆ "ಆ ಸೋರಿಕೆ ನನಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ತೂಕ ಬರುತ್ತದೆ. ಹಳೆಯ ರಿಪೇರಿ ಬಿಲ್ಲಿನಲ್ಲಿ ನಿಮ್ಮ ಹೆಸರಿದ್ದರೆ ಆ ವಾದ ಕೈಬಿಡಿ. "ಆ್ಯಸ್ ಈಸ್" (ಇದ್ದದ್ದು ಇದ್ದ ಹಾಗೇ) ಮಾರಿದ್ದೇವೆ ಎಂಬುದೂ ಗೊತ್ತಿದ್ದ ದೋಷವನ್ನು ಮುಚ್ಚಿಟ್ಟಿದ್ದಕ್ಕೆ ರಕ್ಷಣೆಯಾಗದು.

ಕೊಂಡವರದೇ ಹೋಮ್ ಇನ್‌ಸ್ಪೆಕ್ಷನ್ ವರದಿ ನಿಮ್ಮ ಉತ್ತಮ ಸಾಕ್ಷಿ. ಅದರಲ್ಲಿ ಚಾವಣಿಯ ಕಲೆ, "ತಜ್ಞರಿಗೆ ತೋರಿಸಿ" ಎಂಬ ಸೂಚನೆ ಇದ್ದರೆ ಆ ಪುಟವನ್ನೇ ಮೇಲಿಡಿ. ಇನ್ನು ಮೊತ್ತ. ಇಪ್ಪತ್ತು ವರ್ಷದ ಚಾವಣಿಗೆ ಹೊಸ ಚಾವಣಿಯ ಬೆಲೆ ಕೇಳಿದ್ದರೆ, ಸೋರುವ ಭಾಗದ ದುರಸ್ತಿಗೆ ಮಾತ್ರ ಎಷ್ಟೆಂದು ಲೈಸೆನ್ಸ್ ಇರುವ ಕಂಟ್ರಾಕ್ಟರ್‌ರಿಂದ ಅಂದಾಜು ಬರೆಸಿ ತನ್ನಿ. ಎಲ್ಲದರ ಮೂರು ಪ್ರತಿ ಬೇಕು: ನ್ಯಾಯಾಧೀಶರಿಗೆ, ವಾದಿಗೆ, ನಿಮಗೆ. ವಿಚಾರಣೆ ಹೆಚ್ಚಾಗಿ ಕೆಲವೇ ನಿಮಿಷದ್ದು, ಘಟನೆಗಳನ್ನು ದಿನಾಂಕವಾರು ಒಂದೇ ಹಾಳೆಗೆ ಇಳಿಸಿ.

ಮಾಜಿ ಸಂಗಾತಿಯೇ ದಾವೆ ಹಾಕಿದ್ದರೆ ದಾರಿ ಬೇರೆ. ವಿಚ್ಛೇದನದ ತೀರ್ಪಿನಿಂದ ಗಂಡ ಹೆಂಡಿರ ನಡುವೆ ಆದ ಹಸ್ತಾಂತರಕ್ಕೆ ಆ ಡಿಸ್‌ಕ್ಲೋಷರ್ ಕಡ್ಡಾಯವೇ ಅಲ್ಲ. ಆಸ್ತಿ ಹಂಚಿಕೆಯ ತಗಾದೆ ಫ್ಯಾಮಿಲಿ ಕೋರ್ಟಿಗೆ ಸೇರಿದ್ದೆಂದು ಮೊದಲೇ ಹೇಳಿ, ಆ ತೀರ್ಪಿನ ಪ್ರತಿ ಕೊಡಿ. ಇಬ್ಬರೂ ಪ್ರತಿವಾದಿಗಳಾಗಿದ್ದಾಗ ಎಸ್‌ಸಿ-120ರಿಂದ (ಪ್ರತಿವಾದಿ ಹಾಕುವ ಪ್ರತಿದಾವೆಯ ಫಾರಂ) ಸಹಪ್ರತಿವಾದಿಯ ಮೇಲೆ ಹೋಗಲಾಗದು, ಅದು ವಾದಿಯ ವಿರುದ್ಧಕ್ಕೆ ಮಾತ್ರ. ಮನೆಯ ಹೊಣೆ ಯಾರದೆಂದು ವಿಚ್ಛೇದನದ ಒಪ್ಪಂದದಲ್ಲಿ ಬರೆದ ಷರತ್ತನ್ನು ಓದಿಸಲು ಫ್ಯಾಮಿಲಿ ವಕೀಲರಿಗೆ ಒಂದು ಗಂಟೆಯ ಫೀಸು ಕೊಡಿ. ಈ ಸೇವೆ ತುಂಬದ ಜಾಗ ಅದೊಂದೇ, ಖರ್ಚು ಮಾಡುವುದಿದ್ದರೆ ಅಲ್ಲೇ ಮಾಡಿ.

ಬೇ ಏರಿಯಾದ ಕನ್ನಡಿಗರು ದುಭಾಷಿ ಬೇಕಿದ್ದರೆ ಐಎನ್‌ಟಿ-300 ಬೇಗ ಹಾಕಬೇಕು. ಕನ್ನಡ ಬಲ್ಲವರನ್ನು ಹುಡುಕಲು ಕೋರ್ಟಿಗೂ ಸಮಯ ಬೇಕು.

ಸೋತರೆ ಮೇಲ್ಮನವಿಗೆ 30 ದಿನದೊಳಗೆ ಎಸ್‌ಸಿ-140, ಶುಲ್ಕ 75 ಡಾಲರ್. ಮೇಲ್ಮನವಿಯಲ್ಲಿ ಇಡೀ ವಿಚಾರಣೆ ಹೊಸದಾಗಿ ನಡೆಯುತ್ತದೆ, ವಕೀಲರೂ ಬರಬಹುದು. ಈ ಅವಕಾಶ ವಾದಿಗಿಲ್ಲ. ಸಿಟ್ಟಿಗೆ ನೀವೂ ಎಸ್‌ಸಿ-120 ಹಾಕಿ ಸೋತರೆ, ಆ ಭಾಗದ ಮಟ್ಟಿಗೆ ನೀವೇ ವಾದಿ, ಮೇಲ್ಮನವಿ ನಿಮಗೂ ಇಲ್ಲ.