ಸ್ನಾಯು ಮಾಡೆಲ್ ಸೆಟ್: ಒಂದು ಪೀಸ್ ಬಂಗಾರ, ಇನ್ನೊಂದು ಪಾಠಾನೇ ತಪ್ಪು ಹೇಳ್ಕೊಡುತ್ತೆ

ಮಂಡ್ಯದಲ್ಲಿ ಫಸ್ಟ್ ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಮಾಡ್ತೀನಿ. ಸ್ನಾಯು ಸಂಕೋಚನದ ಪಾಠ ಬಂದಾಗೆಲ್ಲ ಬೋರ್ಡ್ ಮೇಲೆ ಗೆರೆ ಎಳೆದು ಎಳೆದು ಸಾಕಾಗಿ, ಈ ಸಲ ಆನ್‌ಲೈನಲ್ಲಿ 3,400 ರೂಪಾಯಿ ಕೊಟ್ಟು ಈ ಸೆಟ್ ತರಿಸ್ದೆ, ಎರಡು ಪೀಸ್ ಬರುತ್ತೆ, ಒಂದು ಸ್ಟ್ಯಾಂಡ್ ಮೇಲೆ ನಿಲ್ಲೋ ಸ್ನಾಯು ತಂತುವಿನ ಮಾಡೆಲ್, ಇನ್ನೊಂದು ಕೈಲಿ ಎಳೆದು ತೋರಿಸೋ ಸಾರ್ಕೊಮಿಯರ್ (ಸ್ನಾಯುಲಿ ಕುಗ್ಗೋ ಅತಿ ಚಿಕ್ಕ ಘಟಕ) ಬೋರ್ಡ್. ಒಂದು ತಿಂಗಳು ಎರಡು ಬ್ಯಾಚಿಗೂ ಬಳಸಿದ ಮೇಲೆ ಬರೀತಿದೀನಿ.

ಸ್ಟ್ಯಾಂಡ್ ಮಾಡೆಲ್ ಕಣ್ಣು ಮುಚ್ಕೊಂಡು ತಗೋಬೋದು. ನಮ್ಮ ಮಕ್ಕಳಿಗೆ ನಾನು ಕಬ್ಬಿನ ಲೆಕ್ಕದಲ್ಲೇ ಹೇಳೋದು: ಗಾಡಿ ತುಂಬ ಇರೋ ಲೋಡು ಅಂದ್ರೆ ಇಡೀ ತೋಳಿನ ಸ್ನಾಯು, ಸೋಗೆಲಿ ಕಟ್ಟಿದ ಒಂದು ಕಂತೆ ಅಂದ್ರೆ ಫ್ಯಾಸಿಕಲ್, ಕಂತೆ ಒಳಗಿನ ಒಂದು ಜಲ್ಲೆ ಅಂದ್ರೆ ಸ್ನಾಯು ತಂತು, ಅದೊಂದು ಪೂರ್ತಿ ಜೀವಕೋಶ, ಜಲ್ಲೆ ಮುರಿದಾಗ ಕಾಣೋ ನಾರು ಅಂದ್ರೆ ಮಯೋಫೈಬ್ರಿಲ್. ಆ ನಾರಿಗೂ ಗಿಣ್ಣು ಇದೆ ಅಂದ್ಕೊಳ್ಳಿ, ಆ ಗಿಣ್ಣೇ ಝಡ್ ಗೆರೆ, ಗಿಣ್ಣಿಂದ ಗಿಣ್ಣಿಗೆ ಒಂದು ಸಾರ್ಕೊಮಿಯರ್. ಈ ಮಾಡೆಲ್ ಜಲ್ಲೆ ಮುರಿದು ಕೈಗೆ ಕೊಟ್ಟಂಗೇ ಇದೆ. ನ್ಯೂಕ್ಲಿಯಸ್‌ಗಳು ಒಂದಲ್ಲ ಹಲವು, ಅದೂ ಅಂಚಿನಲ್ಲಿ ಪೊರೆ ಕೆಳಗೇ ಇವೆ, ಕ್ಯಾಲ್ಸಿಯಂ ಕೂಡಿಡೋ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್ ಬಲೆ ತರ ಪ್ರತಿ ನಾರನ್ನೂ ಸುತ್ಕೊಂಡಿದೆ.

ನನಗೆ ತುಂಬ ಖುಷಿ ಆಗಿದ್ದು ಟಿ ಕೊಳವೆ (ಪೊರೆಯಿಂದ ಒಳಗಿಳಿದು ಸಂಕೇತ ಒಯ್ಯೋ ಕೊಳವೆ) ಜಾಗ ನೋಡಿ. ಕಪ್ಪೆ ಸ್ನಾಯುಲಿ ಇದು ಝಡ್ ಗೆರೆ ಹತ್ರ ಬರುತ್ತೆ, ಮನುಷ್ಯನ ಅಸ್ಥಿ ಸ್ನಾಯುಲಿ ಎ ಪಟ್ಟಿ (ಮಯೋಸಿನ್ ಅನ್ನೋ ದಪ್ಪ ಎಳೆ ಇರೋ ಕಪ್ಪು ಭಾಗ) ಐ ಪಟ್ಟಿ (ಬರೀ ಆಕ್ಟಿನ್ ಅನ್ನೋ ತೆಳು ಎಳೆ ಇರೋ ತಿಳಿ ಭಾಗ) ಸೇರೋ ಕಡೆ, ಅಂದ್ರೆ ಒಂದು ಸಾರ್ಕೊಮಿಯರ್‌ಗೆ ಎರಡು. ನನ್ನ ಹತ್ರ ಇದ್ದ ಹಳೇ ಚಾರ್ಟಲ್ಲಿ ಕಪ್ಪೆದನ್ನೇ ಬರೆದು ಮೇಲೆ ಮನುಷ್ಯ ಅಂತ ಹೆಸರು ಹಾಕಿದ್ರು, ಇವರು ಸರಿಯಾಗಿ ಎರಡು ಕೊಟ್ಟಿದಾರೆ. ಮಾಡಿದೋರಿಗೆ ವಿಷಯ ಗೊತ್ತು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇನ್ನು ಬೋರ್ಡ್. ಇದು ಬೇಜಾರಾಗೋ ವಿಷಯ. ಮಧ್ಯದ ಮಯೋಸಿನ್ ಎಳೆ ಮಾಡೋಕೆ ಕೆಂಪು ಸ್ಪ್ರಿಂಗ್ ಹಾಕಿದಾರೆ, ಝಡ್ ಗೆರೆಗಳನ್ನ ಹತ್ರ ತಳ್ಳಿದ್ರೆ ಸ್ಪ್ರಿಂಗ್ ಕುಗ್ಗುತ್ತೆ, ಅಂದ್ರೆ ಎ ಪಟ್ಟಿನೇ ಚಿಕ್ಕದಾಗುತ್ತೆ! ಇಡೀ ಪಾಠದ ಜೀವಾಳನೇ ಎ ಪಟ್ಟಿ ಉದ್ದ ಬದಲಾಗಲ್ಲ ಅನ್ನೋದು. 1954ರಲ್ಲಿ ನೇಚರ್ ಪತ್ರಿಕೆಲಿ ಅಕ್ಕಪಕ್ಕ ಎರಡು ಲೇಖನ ಬಂತು, ಒಂದು ಆಂಡ್ರ್ಯೂ ಹಕ್ಸ್ಲಿ ಮತ್ತು ನೀಡರ್ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಅವರದು, ಇಬ್ಬರು ಹಕ್ಸ್ಲಿಗೂ ಸಂಬಂಧ ಇಲ್ಲ, ಬೇರೆ ಬೇರೆ ಕಡೆ ಕೆಲಸ ಮಾಡಿ ಇಬ್ಬರೂ ಹೇಳಿದ್ದು ಒಂದೇ: ಎಳೆಗಳು ಕುಗ್ಗಲ್ಲ, ಒಂದರೊಳಗೊಂದು ಜಾರುತ್ವೆ. ಅದನ್ನ ಕಲಿಸೋಕೆ ಅಂತ ಮಾರೋ ಬೋರ್ಡು ಅದನ್ನೇ ಉಲ್ಟಾ ತೋರಿಸಿದ್ರೆ ಮಗು ಪರೀಕ್ಷೆಲಿ ಏನು ಬರೀಬೇಕು ಹೇಳಿ.

ವಾಪಸ್ ಕಳಿಸೋ ಬದಲು ನಾನೇ ರಿಪೇರಿ ಮಾಡ್ದೆ. ಸ್ಪ್ರಿಂಗ್ ಕಿತ್ತು 16 ಸೆಂಟಿಮೀಟರ್ ಮರದ ಕಡ್ಡಿ ಕೂರಿಸ್ದೆ, ಯಾಕಂದ್ರೆ ಮಯೋಸಿನ್ ಎಳೆ ಸುಮಾರು 1.6 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಎರಡೂ ಕಡೆಯಿಂದ ಆಕ್ಟಿನ್‌ಗೆ 12 ಸೆಂಟಿಮೀಟರ್ ಪೊರಕೆ ಕಡ್ಡಿ. ಝಡ್ ಗೆರೆ ಮಧ್ಯೆ 26 ಇಟ್ರೆ ಎರಡು ಆಕ್ಟಿನ್ ತುದಿ ನಡುವೆ 2 ಸೆಂಟಿಮೀಟರ್ ಖಾಲಿ, ಅದೇ ಎಚ್ ವಲಯ, 24ಕ್ಕೆ ತಳ್ಳಿದ್ರೆ ಅದು ಮಾಯ, ಐ ಪಟ್ಟಿ 10 ಇದ್ದಿದ್ದು 8 ಆಗುತ್ತೆ, ಎ ಪಟ್ಟಿ 16 ಹಾಗೇ. ಮಕ್ಕಳು ಸ್ಕೇಲ್ ಹಿಡಿದು ತಾವೇ ಅಳೆದ್ರು, ಆಮೇಲೆ ನಾನು ಹೇಳೋದೇನೂ ಉಳೀಲಿಲ್ಲ.

ಮಯೋಸಿನ್ ಎಳೆಯಿಂದ ಚಾಚಿರೋ ತಲೆಗಳು ಅಲ್ಲಾಡಲ್ಲ, ಅದೂ ಒಂದು ಕೊರತೆ. ಕ್ಯಾಲ್ಸಿಯಂ ಬಂದು ಆಕ್ಟಿನ್ ಮೇಲಿರೋ ಟ್ರೊಪೋನಿನ್ ಅನ್ನೋ ಪ್ರೋಟೀನ್‌ಗೆ ಅಂಟ್ಕೊಂಡು, ಹಿಡಿಯೋ ಜಾಗ ಮುಚ್ಚಿದ್ದ ಟ್ರೊಪೊಮಯೋಸಿನ್ ಪಕ್ಕಕ್ಕೆ ಸರಿದು, ತಲೆ ಆಕ್ಟಿನ್ ಹಿಡ್ಕೊಂಡು ಎಳೆಯುತ್ತೆ ಅಂತ ಬಾಯಲ್ಲೇ ಹೇಳ್ಬೇಕು. ಹಿಡಿದಿದ್ದು ಬಿಡೋಕೆ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡೋ ಅಣು) ಬೇಕು ಅಂದಾಗ ಒಬ್ಬಳು ಹುಡುಗಿ, ಅವರ ತಾತ ಹೋದ ವರ್ಷ ರಾತ್ರಿ ತೀರ್ಕೊಂಡಿದ್ರಂತೆ, ಬೆಳಿಗ್ಗೆ ಕೈ ಮಡಿಸೋಕೆ ಬರಲಿಲ್ಲ ಅದು ಇದಕ್ಕೇನಾ ಸಾರ್ ಅಂದ್ಲು. ಹೌದಮ್ಮ, ಎಟಿಪಿ ಮುಗಿದು ತಲೆಗಳು ಹಿಡಿದಲ್ಲೇ ಉಳಿದವು, ಒಂದೆರಡು ದಿನದಲ್ಲಿ ಪ್ರೋಟೀನೇ ಕರಗೋಕೆ ಶುರುವಾದ್ಮೇಲೆ ಅದು ತಾನೇ ಸಡಿಲ ಆಗುತ್ತೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ಹೃದಯ ಸ್ನಾಯು, ನಯ ಸ್ನಾಯುಗೆ ಬರೀ ಒಂದು ಚಾರ್ಟ್, ಸುಮಾರಾಗಿದೆ. ಲೇಬಲ್ ಎಲ್ಲ ಇಂಗ್ಲಿಷಲ್ಲಿ, ನಾನು ಕನ್ನಡದ ಸ್ಟಿಕರ್ ಅಂಟಿಸ್ಕೊಂಡೆ. ಪ್ಯಾಕಿಂಗ್ ಗಟ್ಟಿ, ಆರು ದಿನಕ್ಕೆ ಬಂತು.

ಸ್ಟ್ಯಾಂಡ್ ಮಾಡೆಲ್ ಬಿಡಿಯಾಗಿ ಸಿಕ್ಕಿದ್ರೆ ಅದೊಂದೇ ತಗೊಳ್ಳಿ. ಸೆಟ್ಟೇ ತಗೊಂಡ್ರೆ ಸ್ಪ್ರಿಂಗ್ ಬಿಚ್ಚೋಕೆ ಚಿಕ್ಕ ಸ್ಕ್ರೂಡ್ರೈವರ್ ಸಾಕು, ಝಡ್ ಗೆರೆ ಪಟ್ಟಿಯ ಕ್ಲಿಪ್ ಮಾತ್ರ ತೆಳು, ನಿಧಾನಕ್ಕೆ ಎತ್ತಿ, ನಂದು ಎಡಗಡೆದು ಮುರೀತು.