ನಡಿಗೆ, ಯೋಗ, ಜಿಮ್: ನೆಲದಿಂದ ಏಳಲು ಯಾವುದು ಕಲಿಸಿತು?

ಹೋದ ವರ್ಷ ನಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಮದ ಮುಂದೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಒಂದು ಗಂಟೆ ಕೂತಿದ್ದೆ. ಮಂಗಳಾರತಿಗೆ ಎಲ್ಲರೂ ಎದ್ದರು. ನಾನು ಏಳಲಿಲ್ಲ, ಏಳಲು ಆಗಲೇ ಇಲ್ಲ. ಒಂದು ಕಡೆ ತಂಗಿಯ ಸೊಸೆ, ಇನ್ನೊಂದು ಕಡೆ ಯಾರೋ ಗುರುತಿಲ್ಲದ ಹುಡುಗಿ ರಟ್ಟೆ ಹಿಡಿದು, ಬಾವಿಯಿಂದ ಕೊಡ ಎತ್ತಿದ ಹಾಗೆ ನನ್ನನ್ನು ಎತ್ತಿದರು. 'ವಯಸ್ಸಾಯ್ತಲ್ಲ ದೊಡ್ಡಮ್ಮ, ಕುರ್ಚೀಲೇ ಕೂತ್ಕೋಬಾರ್ದಾ?' ಅಂದಳು ಸೊಸೆ. ಪ್ರೀತಿಯಿಂದಲೇ ಹೇಳಿದ್ದು. ಆದರೂ ಅವತ್ತು ಹೋಳಿಗೆ ರುಚಿಸಲಿಲ್ಲ.

ನನಗೆ 66 ವರ್ಷ. ಬಿಪಿಗೆ ದಿನಾ ಒಂದು ಮಾತ್ರೆ. ಬಲ ಮಂಡಿ ಆಗಾಗ ತಕರಾರು ತೆಗೆಯುತ್ತದೆ. ನನ್ನನ್ನು ಕೆಣಕಿದ್ದು ಏನೆಂದರೆ, ನಾನೇನೂ ಮನೆಯಲ್ಲಿ ಸುಮ್ನೆ ಕೂತವಳಲ್ಲ. ಬ್ಯಾಂಕಿನಿಂದ ನಿವೃತ್ತಿಯಾದಾಗಿನಿಂದ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದನ್ನು ತಪ್ಪಿಸಿದ ದಿನಗಳು ಕಡಿಮೆ. ಅಷ್ಟು ನಡೆದ ಕಾಲಿಗೆ ಎದ್ದು ನಿಲ್ಲಲು ಬರುವುದಿಲ್ಲ ಅಂದರೆ ಹೇಗೆ?

ಮಂಡಿ ನೋವಿಗೆಂದು ಹೋಗಿದ್ದಾಗ ಫಿಸಿಯೋಥೆರಪಿಸ್ಟ್ ಹತ್ತಿರ ಇದನ್ನೇ ಕೇಳಿದೆ. ಆಕೆ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟರು. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡೋಣ ಅಂದರು. ನನ್ನದು 9 ಆಯಿತು. 65ರಿಂದ 69ರ ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕವಂತೆ. ಅದೇ ವಯಸ್ಸಿನ ಗಂಡಸರಿಗೆ 12. ಆಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿದರು. ಬಲಗಾಲಿನಲ್ಲಿ 6 ಸೆಕೆಂಡು, ಎಡಗಾಲಿನಲ್ಲಿ 4. ಕೊನೆಗೆ ನೆಲದಲ್ಲಿ ಕೂರಿಸಿ ಏಳಿ ಅಂದರು. ಎರಡು ಕೈ ಊರಿ, ಆಮೇಲೆ ಗೋಡೆ ಹಿಡಿದು ಎದ್ದೆ.

ಈ ಮೂರೂ ಅಂಕಿಯನ್ನು ಮನೆಯ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಬ್ಯಾಂಕಿನ ಅಭ್ಯಾಸ, ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ. ನಡಿಗೆ ಮೂರು ತಿಂಗಳು, ಯೋಗ ಮೂರು ತಿಂಗಳು, ಜಿಮ್ ಮೂರು ತಿಂಗಳು ಮಾಡಿ ನೋಡೋಣ, ಪ್ರತಿ ಸಲವೂ ಅದೇ ಕುರ್ಚಿಯಲ್ಲಿ ಅಳೆಯೋಣ ಅಂತ ತೀರ್ಮಾನ ಮಾಡಿದೆ.

ನಡಿಗೆ ಹಳೆಯ ಸ್ನೇಹಿತ. ಹಾಗಾಗಿ ಅದಕ್ಕೊಂದು ನ್ಯಾಯವಾದ ಅವಕಾಶ ಕೊಡಬೇಕಿತ್ತು. ಅಲ್ಲಿಯವರೆಗೆ ನನ್ನದು ಹರಟೆಯ ನಡಿಗೆ. ಪೆಲಿಕನ್ ಕಂಡರೆ ನಿಲ್ಲುವುದು, ಗೆಳತಿಯ ಸೊಸೆಯ ಕಥೆ ಜೋರಾದರೆ ಮತ್ತೆ ನಿಲ್ಲುವುದು. ಈಗ ಮಾತಾಡಬಹುದು, ಆದರೆ ಹಾಡಲು ಆಗಬಾರದು, ಅಷ್ಟು ಬಿರುಸಾಗಿ 40 ನಿಮಿಷ, ವಾರಕ್ಕೆ ಆರು ದಿನ. ಕುವೆಂಪು ಅವರು ನಡೆಯುತ್ತಿದ್ದ ಕೆರೆ ಏರಿ ಅದು. ಕವಿತೆ ಹುಟ್ಟದಿದ್ದರೂ ಬೆವರಂತೂ ಬಂತು.

ನಮ್ಮ ಮನೆಯವರು ಈ ಹೊತ್ತಿಗೆ ಮಗ ಕಳಿಸಿದ ಕೈಗಡಿಯಾರ ಕಟ್ಟಿಕೊಂಡು ದಿನಕ್ಕೆ 10,000 ಹೆಜ್ಜೆಯ ಹಿಂದೆ ಬಿದ್ದಿದ್ದರು. ರಾತ್ರಿ ಒಂಬತ್ತಕ್ಕೆ 9,400 ತೋರಿಸಿದರೆ ಹಾಲ್‌ನಲ್ಲೇ ಸುತ್ತು ಹೊಡೆಯುವರು. ಆ ಹತ್ತು ಸಾವಿರ ಯಾವ ವೈದ್ಯರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದು, ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಎಂಬ ಅರ್ಥದ ಹೆಸರಿಟ್ಟಿತು. ಹೆಸರು ಹಿಡಿಸಿತು, ಸಂಖ್ಯೆ ಉಳಿಯಿತು. ಇದನ್ನು ಹೇಳಿದ ದಿನ ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಒಂದೆರಡು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ಹತ್ತಿದೆ. ಸಾವಿರ ಮೆಟ್ಟಿಲು. ನಂದಿಯವರೆಗೆ ಹತ್ತಿ ಕಡಲೆಕಾಯಿ ತಿಂದದ್ದು ಖುಷಿಯೇ. ಕಷ್ಟ ಕೊಟ್ಟದ್ದು ಇಳಿಯುವುದು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಯ ಭಾರವನ್ನು ಮಂಡಿ ತಡೆದು ಹಿಡಿಯಬೇಕು. ಸೋಮವಾರ ಪೂರ್ತಿ ಕಾಲು ಚಾಚಿ ಕೂತೆ. ಮಂಡಿ ಸವೆದವರು ಮೆಟ್ಟಿಲು ಹತ್ತಿ, ಇಳಿಯುವುದಕ್ಕೆ ಬಸ್ ಹಿಡಿಯುವುದು ವಾಸಿ.

ಮೂರು ತಿಂಗಳಾದ ಮೇಲೆ ತೂಕ ಒಂದೂವರೆ ಕೆಜಿ ಇಳಿದಿತ್ತು. ನಿದ್ದೆ ಚೆನ್ನಾಗಿತ್ತು, ಬಿಪಿ ಹದದಲ್ಲಿತ್ತು. ಕುರ್ಚಿಯ ಲೆಕ್ಕ ಮಾತ್ರ 10. ಒಂಟಿ ಕಾಲಿನದು ಇದ್ದಲ್ಲೇ ಇತ್ತು. ನೆಲದಿಂದ ಏಳಲು ಗೋಡೆ ಬೇಕೇ ಬೇಕು. ಕಾರಣ ಸರಳ. ಸಮ ನೆಲದಲ್ಲಿ ನಡೆಯುವಾಗ ತೊಡೆಗೆ ಹೊಸ ಕೆಲಸವೇ ಇಲ್ಲ, ಎಷ್ಟು ಭಾರ ಹೊರಲು ಅದು ಒಗ್ಗಿದೆಯೋ ಅಷ್ಟೇ. ಮೂವತ್ತು ದಾಟಿದ ಮೇಲೆ ಮೈಯ ಮಾಂಸಖಂಡ ನಿಧಾನವಾಗಿ ಕರಗತೊಡಗುತ್ತದೆ, ಅರವತ್ತರ ನಂತರ ಜೋರಾಗಿ. ನಡಿಗೆ ಹೃದಯವನ್ನು ಕಾಯುತ್ತದೆ. ಕರಗುವ ತೊಡೆಯನ್ನು ಅದೊಂದೇ ಹಿಡಿದು ನಿಲ್ಲಿಸುವುದಿಲ್ಲ.

ಮುಂದಿನದು ಯೋಗ. ಮೈಸೂರಿನಲ್ಲಿ ಯೋಗದ ಬೋರ್ಡ್ ಇಲ್ಲದ ಬೀದಿ ಹುಡುಕಬೇಕು, ಆದರೂ ಮೊದಲ ತರಗತಿ ನನಗೆ ಕೈ ಕೊಟ್ಟಿತು. ಇಪ್ಪತ್ತು ಜನರ ಗುಂಪು, ಎಲ್ಲರಿಗೂ ಒಂದೇ ಪಾಠ. ಎರಡನೇ ವಾರ ಪಶ್ಚಿಮೋತ್ತಾನಾಸನದಲ್ಲಿ 'ಇನ್ನೂ ಸ್ವಲ್ಪ ಬಗ್ಗಿ' ಅಂತ ಬೆನ್ನಿನ ಮೇಲೆ ಕೈಯಿಟ್ಟು ಒತ್ತಿದರು. ಸೊಂಟ ಹಿಡಿದುಕೊಂಡು ಎಂಟು ದಿನ ಮಲಗಿದೆ. ಬಿಪಿ ಇದೆ ಅಂದಿದ್ದರೂ ಸರ್ವಾಂಗಾಸನ ಮಾಡಿ ಅಂದಿದ್ದರು, ಅದನ್ನು ಪುಣ್ಯಕ್ಕೆ ನಾನೇ ಬಿಟ್ಟಿದ್ದೆ. ಬಿಪಿ ಹಿಡಿತದಲ್ಲಿ ಇಲ್ಲದವರು, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ತಲೆಕೆಳಗಾಗುವ ಆಸನಕ್ಕೆ ಹೋಗಬಾರದು. ಮೂಳೆ ಟೊಳ್ಳಾಗಿದೆ ಅಂತ ಡಾಕ್ಟರ್ ಹೇಳಿದವರು ಬೆನ್ನು ಗೂನಾಗಿಸಿ ಜೋರಾಗಿ ಮುಂದಕ್ಕೆ ಬಗ್ಗುವುದೂ ಬೇಡ.

ಆಮೇಲೆ ಸಿಕ್ಕಿದ್ದು ಎಂಟೇ ಜನರ ಇನ್ನೊಂದು ತರಗತಿ. ಕಲಿಸುವಾಕೆಗೆ ಐವತ್ತೆಂಟು. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ದಿಂಬು, ಎಲ್ಲ ಇಟ್ಟುಕೊಂಡು ಹೇಳಿಕೊಡುವ ಪದ್ಧತಿ. ಇದನ್ನು ಜಗತ್ತಿಗೆ ಹರಡಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಇದೇ ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಹತ್ತಿರ ಕಲಿತವರು. ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ಬಡಕಲಾಗಿದ್ದರಂತೆ. ಬಗ್ಗದ ಮೈಗೆ ಆಸರೆ ಕೊಟ್ಟು ಆಸನ ಮಾಡಿಸುವುದು ಅವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನವನ್ನು ಮೊದಲ ತಿಂಗಳು ಗೋಡೆಗೆ ಬೆನ್ನು ತಾಗಿಸಿ ಮಾಡಿದೆ. ಎರಡನೇ ತಿಂಗಳು ಒಂದು ಬೆರಳು ಮಾತ್ರ ಗೋಡೆಗೆ. 'ಅಮ್ಮಾ, ನೆಲ ನೋಡ್ಬೇಡಿ, ಎದುರಿಗಿರೋ ಸ್ವಿಚ್ಚು ನೋಡಿ' ಅಂತ ಆಕೆ ಹೇಳುತ್ತಲೇ ಇರುತ್ತಿದ್ದರು. ಆ ಸ್ವಿಚ್ ಬೋರ್ಡಿನ ಮೇಲೆ ಎಷ್ಟು ಬಣ್ಣದ ಕಲೆಗಳಿವೆ ಅಂತ ಈಗಲೂ ಹೇಳಬಲ್ಲೆ. ಮೂರು ತಿಂಗಳ ಕೊನೆಗೆ ಒಂಟಿ ಕಾಲಲ್ಲಿ 22 ಸೆಕೆಂಡು ನಿಂತೆ! ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದ್ದ ಉಪ್ಪಿನಕಾಯಿ ಜಾಡಿಗೆ ಕೈ ಎಟುಕಿತು, ಎರಡು ವರ್ಷದಿಂದ ಅದನ್ನು ಇಳಿಸಿಕೊಡಲು ಮನೆಯವರನ್ನು ಕೂಗುತ್ತಿದ್ದೆ. ಕುರ್ಚಿಯಲ್ಲಿ 11. ನೆಲದಿಂದ ಏಳಲು ಗೋಡೆ ಬಿಟ್ಟುಹೋಯಿತು, ಒಂದು ಕೈ ನೆಲಕ್ಕೆ ಊರಬೇಕಿತ್ತು. ಶವಾಸನದಲ್ಲಿ ಗೊರಕೆ ಹೊಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನು ಜಿಮ್. ಒಳಗೆ ಕಾಲಿಡಲು ನನಗೆ ಒಂದು ವಾರ ಬೇಕಾಯಿತು. ಗಾಜಿನ ಬಾಗಿಲಿನ ಹೊರಗೆ ನಿಂತು ನೋಡುವುದು, ವಾಪಸ್ ಬರುವುದು. ಒಳಗೆ ಕಿವಿ ಕೀಳುವ ಹಾಡು, ಕನ್ನಡಿ ಮುಂದೆ ತೋಳು ನೋಡಿಕೊಳ್ಳುವ ಹುಡುಗರು. ಚೂಡಿದಾರದಲ್ಲಿ ಹೋದ ನನ್ನನ್ನು ಯಾರದೋ ತಾಯಿ ಫೀಸು ಕಟ್ಟಲು ಬಂದಿದ್ದಾರೆ ಅಂದುಕೊಂಡರು. ಟ್ರೈನರ್ ಹುಡುಗನಿಗೆ ಇಪ್ಪತ್ತನಾಲ್ಕು. ಮೊದಲ ದಿನ 'ಆಂಟಿ', ಎರಡನೇ ದಿನ 'ಮೇಡಂ', ತಿಂಗಳು ಕಳೆಯುವಷ್ಟರಲ್ಲಿ 'ಅಮ್ಮ'.

ಅವನು ಮೊದಲ ದಿನ ಭಾರ ಮುಟ್ಟಿಸಲೇ ಇಲ್ಲ. ಬೆಂಚಿನ ಮೇಲೆ ಕೂತು ಏಳಿ ಅಂದ, ಅಷ್ಟೇ. ಎದ್ದು ಕೂತು ಎಂಟು ಸಲ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು. ಎರಡನೇ ವಾರ ಎದೆಗೆ 2 ಕೆಜಿಯ ಡಂಬ್‌ಬೆಲ್ ಅಪ್ಪಿಕೊಂಡು ಅದನ್ನೇ ಮಾಡಿದೆ. ಆಮೇಲೆ 4, ಆಮೇಲೆ 6. ಸಲೀಸಾಗಿ ಹನ್ನೆರಡು ಸಲ ಆಗುತ್ತದೆ ಅಂದ ಕೂಡಲೇ ಭಾರ ಸ್ವಲ್ಪ ಏರಿಸುವುದು, ಗುಟ್ಟು ಇಷ್ಟೇ. ತೊಡೆಗೆ ಪ್ರತಿ ಸಲ ಸ್ವಲ್ಪ ಹೊಸ ಕಷ್ಟ ಕೊಡಬೇಕು, ಮಧ್ಯೆ ಒಂದೆರಡು ದಿನ ಬಿಡುವೂ ಕೊಡಬೇಕು. ಅದಕ್ಕೇ ವಾರಕ್ಕೆ ಮೂರೇ ದಿನ.

ಬಿಪಿಯವರು ಭಾರ ಎತ್ತುವಾಗ ಉಸಿರು ಕಟ್ಟಬಾರದು. ಕಟ್ಟಿದರೆ ಆ ಗಳಿಗೆ ಬಿಪಿ ಸರ್ರನೆ ಏರುತ್ತದೆ. 'ಜೋರಾಗಿ ಎಣಿಸ್ತಾ ಏಳಿ ಅಮ್ಮ, ಉಸಿರು ತಾನೇ ಬಿಡುತ್ತೆ' ಅಂದ. ನಾನು ಒಂದೂ, ಎರಡೂ ಅಂತ ಮೇಷ್ಟ್ರು ಮಗ್ಗಿ ಹೇಳಿಸಿದ ಹಾಗೆ ಎಣಿಸುತ್ತಿದ್ದೆ. ಕನ್ನಡಿ ಮುಂದಿನ ಹುಡುಗರು ತಿರುಗಿ ನೋಡಿದರು. ಮೂರನೇ ವಾರದಲ್ಲಿ ಅವರಲ್ಲೊಬ್ಬ ನನ್ನ ಜೊತೆ ಎಣಿಸತೊಡಗಿದ.

ಟ್ರೈನರ್ ಹುಡುಗ ಪ್ರೋಟೀನ್ ಪುಡಿಯ ಡಬ್ಬಿಯನ್ನೂ ಮಾರಲು ನೋಡಿದ. ಕೊಳ್ಳಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ಸತ್ಯ ಇತ್ತು. ಭಾರತೀಯರಿಗೆ ದಿನಕ್ಕೆ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನನ್ನ 60 ಕೆಜಿಗೆ ಸುಮಾರು 50 ಗ್ರಾಂ ಆಯಿತು. ನನ್ನ ಊಟ ಬರೆದು ನೋಡಿದರೆ ರಾತ್ರಿ ಹೊತ್ತು ಬರೀ ಅನ್ನ, ತಿಳಿಸಾರು, ಮಜ್ಜಿಗೆ! ಈಗ ಮೊಳಕೆ ಹುರುಳಿ ಬಂದಿದೆ, ಬೆಳಿಗ್ಗೆ ಒಂದು ಲೋಟ ಹಾಲು ಬಂದಿದೆ, ತಿಳಿಸಾರಿನ ಜಾಗಕ್ಕೆ ಗಟ್ಟಿ ತೊವ್ವೆ ಬಂದಿದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಜಿಮ್‌ನ ಮೂರು ತಿಂಗಳ ನಂತರ ಕುರ್ಚಿಯಲ್ಲಿ 15. ಒಂಟಿ ಕಾಲು 19, ಅಂದರೆ ಯೋಗ ಬಿಟ್ಟದ್ದಕ್ಕೆ ಸ್ವಲ್ಪ ಇಳಿದಿದೆ. ನೆಲದಿಂದ ಏಳಲು ಒಂದು ಕೈಯನ್ನು ನನ್ನದೇ ಮಂಡಿಯ ಮೇಲೆ ಇಟ್ಟುಕೊಂಡರೆ ಸಾಕು. 10 ಕೆಜಿಯ ರಾಗಿ ಚೀಲವನ್ನು ಸ್ಕೂಟರಿನಿಂದ ಎತ್ತಿ ಅಡುಗೆಮನೆಗೆ ತಂದಿಟ್ಟೆ. ಮನೆಯವರು ಪೇಪರ್ ಕೆಳಗಿಳಿಸಿ ನೋಡಿದರು.

ಹಾಗಾದರೆ ಜಿಮ್ ಗೆದ್ದಿತೇ? ಏಳುವ ವಿಷಯದಲ್ಲಿ ಹೌದು, ಅನುಮಾನವಿಲ್ಲ. ಆದರೆ ಒಂದಾದ ಮೇಲೆ ಒಂದು ಮಾಡಿದ್ದರಿಂದ ಆ ಗೆಲುವಿನಲ್ಲಿ ಯೋಗದ ಪಾಲೂ ಇದೆ. ಖರ್ಚು ನೋಡಿದರೆ ನಡಿಗೆಗೆ ಒಂದು ಜೊತೆ ಶೂ, ಯೋಗಕ್ಕೆ ತಿಂಗಳಿಗೆ 1,000, ಜಿಮ್‌ಗೆ 1,500. ತಪ್ಪಿಸಿದ ದಿನ ನೋಡಿದರೆ ಜಿಮ್‌ನದೇ ಜಾಸ್ತಿ. ಅಲ್ಲಿ ಹರಟೆ ಇಲ್ಲ, ಪೆಲಿಕನ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಮೂರನ್ನೂ ಹೇಳುತ್ತದೆ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕೆಲಸ, ಮೂರು ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ. ನಾನು ಅಷ್ಟು ವರ್ಷ ಮೂರರಲ್ಲಿ ಒಂದನ್ನೇ ಮಾಡಿ ಬೀಗುತ್ತಿದ್ದೆ.

ಈಗ ಮಂಗಳವಾರ, ಶುಕ್ರವಾರ ಜಿಮ್. ಉಳಿದ ದಿನ ಕೆರೆ ಮತ್ತು ಗೆಳತಿಯರು. ಯೋಗದ ತರಗತಿ ಬಿಟ್ಟಿದ್ದೇನೆ, ವೃಕ್ಷಾಸನ ಬಿಟ್ಟಿಲ್ಲ. ಬೆಳಿಗ್ಗೆ ಹಾಲು ಕಾಯುವವರೆಗೆ ಒಲೆಯ ಕಟ್ಟೆಯ ಪಕ್ಕ ಒಂದು ಕಾಲಲ್ಲಿ, ಮತ್ತೆ ಇನ್ನೊಂದು ಕಾಲಲ್ಲಿ. ಎರಡು ಸಲ ಹಾಲು ಉಕ್ಕಿದೆ. ಜಿಮ್ ಬೇಡ ಅನ್ನುವವರು ಮನೆಯ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಂಡು ಎದ್ದು ಕೂರುವುದರಿಂದ ಶುರು ಮಾಡಬಹುದು. ಸಲೀಸಾದ ಮೇಲೆ ನೀರು ತುಂಬಿದ ಬಾಟಲಿ ಅಪ್ಪಿಕೊಳ್ಳಿ. ಹೃದಯದ ತೊಂದರೆ, ಮಂಡಿ ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಬೇಕು.

ಮೊನ್ನೆ ಮನೆಯವರನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದೆ. ಅವರಿಗೆ 69. ಕೈಗಡಿಯಾರ ಅವತ್ತು 11,200 ಹೆಜ್ಜೆ ತೋರಿಸುತ್ತಿತ್ತು. 30 ಸೆಕೆಂಡಿಗೆ 8 ಸಲ ಎದ್ದರು. ಕುರ್ಚಿ ಸ್ವಲ್ಪ ತಗ್ಗಾಗಿದೆ, ಇನ್ನೊಂದು ತಾ ಅಂದರು.